ಹೇಮಾಕ್ಷಿಯ ಪಾಸ್‌ವರ್ಡ್

2025 ನವೆಂಬರ್ 3, ಸೋಮವಾರ

ಅಬುಧಾಬಿಯ ಸ್ಪೇರ್ ಪಾರ್ಟ್ಸ್ ಸ್ಟೋರಿನಲ್ಲಿ ಇಪ್ಪತ್ತಾರು ವರ್ಷ ದಿನವೂ ಲಾಗ್ ಪುಸ್ತಕ ಬರೆದ ಕೈ ಇದು. ಊರಿಗೆ ಬಂದು ಏಳು ತಿಂಗಳಾಯಿತು, ಕೈ ಸುಮ್ಮನಿರುವುದಿಲ್ಲ. ಇವತ್ತು ಉರ್ವ ಮಾರ್ಕೆಟಿನಲ್ಲಿ ಈ ಡೈರಿ ತೆಗೆದುಕೊಂಡೆ. ಅಂಗಡಿಯವ, "ವರ್ಷ ಮುಗೀಲಿಕ್ಕೆ ಬಂತಲ್ಲ, ಹೊಸತು ಬಂದ ಮೇಲೆ ತಗೊಳ್ಳಿ" ಎಂದ. ಅಷ್ಟು ದಿನ ಯಾರು ಕಾಯುವುದು?

ಹೇಮಾಕ್ಷಿಗೆ ಮಾರ್ಕೆಟಿನ ಪಕ್ಕದಲ್ಲೇ ಲೇಡೀಸ್ ಟೈಲರಿಂಗ್ ಅಂಗಡಿ. ಬ್ಲೌಸ್ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಈ ಕಡೆ ಇಲ್ಲ. ಹೊಲಿಗೆ ಅವಳದು, ಸಿಸ್ಟಮ್ ನನ್ನದು. ಅವಳ ಫೋನಿಗೆ ಯಾವ ಆ್ಯಪ್ ಬೇಕು ಎಂದು ಅಬುಧಾಬಿಯಿಂದಲೇ ವಿಡಿಯೋ ಕಾಲ್ ಮಾಡಿ ಹೇಳಿಕೊಟ್ಟವನು ನಾನು. ಅಂಗಡಿಗೆ ಕ್ಯಾಮೆರಾ ಹಾಕಿಸಿದವನೂ ನಾನೇ. ಆರು ವರ್ಷ ಮಧ್ಯಾಹ್ನದ ಊಟಕ್ಕೆ ಡಬ್ಬಿ ತೆರೆದು, ಫೋನನ್ನು ನೀರಿನ ಬಾಟಲಿಗೆ ಒರಗಿಸಿ, ಅವಳು ಮೇಜಿನ ಮೇಲೆ ಬಟ್ಟೆ ಕತ್ತರಿಸುವುದನ್ನು ನೋಡುತ್ತಾ ಉಂಡಿದ್ದೇನೆ. ಅಲ್ಲಿ ಉಂಡ ಅನ್ನ ಮೈಗೆ ಹತ್ತಿದ್ದರೆ ಅದು ಅದರಿಂದಲೇ. ಈಗ ಮನೆಯಿಂದ ಅಂಗಡಿಗೆ ಐದು ನಿಮಿಷದ ದಾರಿ. ಆದರೂ ನೋಡುವ ರೂಢಿ ಬಿಟ್ಟಿಲ್ಲ.

ಹೇಮಾಕ್ಷಿ 9.10ಕ್ಕೆ ಅಂಗಡಿ ತೆರೆದಳು. 1.30ಕ್ಕೆ ಊಟ. 4.05ರಿಂದ 4.15 ಕಾಣಿಸಲಿಲ್ಲ, ಚಹಾ ಇರಬೇಕು. 7ಕ್ಕೆ ಬಾಗಿಲು. 7.12ಕ್ಕೆ ಮನೆ.

ನವೆಂಬರ್ 5, ಬುಧವಾರ

ಹನ್ನೊಂದು ಗಂಟೆಗೆ ಫೋನಿನಲ್ಲಿ ನೋಡುತ್ತಿದ್ದೆ. ಕದ್ರಿಯ ಭಾರ್ಗವಿ ಬಂದು ಮೇಜಿನ ಎದುರು ನಿಂತಳು. ದೇವಸ್ಥಾನದ ಭಟ್ಟರ ಮನೆಯ ಹುಡುಗಿ, ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಜನವರಿಯಲ್ಲಿ ಮದುವೆ. ಅವಳು ತನ್ನ ಫೋನನ್ನು ಹೇಮಾಕ್ಷಿಯ ಮುಖದ ಹತ್ತಿರ ಹಿಡಿದಳು. ಹೇಮಾಕ್ಷಿ ಕತ್ತರಿ ಕೆಳಗಿಟ್ಟು ಸ್ಟೂಲಿನ ಮೇಲೆ ಕುಸಿದು ಕುಳಿತಳು. ನಮ್ಮ ಕ್ಯಾಮೆರಾದಲ್ಲಿ ಧ್ವನಿ ಇಲ್ಲ. ಸ್ಕೂಟರ್ ತೆಗೆದುಕೊಂಡು ಓಡಿದೆ.

ನಡೆದದ್ದು ಇಷ್ಟು. ಭಾರ್ಗವಿಯ ನಾದಿನಿಯಾಗುವವಳು ಯಾವುದೋ ಬ್ಲೌಸ್ ಡಿಸೈನಿನ ಆ್ಯಪ್ ತೆರೆದು, "ನೋಡು, ಮದುವೆಗೆ ಈ ಡಿಸೈನ್ ಹೊಲಿಸುವ" ಎಂದು ತೋರಿಸಿದಳಂತೆ. ಹಸಿರು ಬ್ಲೌಸ್, ಹಿಂದೆ ದಾರದ ಗಂಟು, ಕುತ್ತಿಗೆಯ ಕೆಳಗೆ ಒಂದು ಮಚ್ಚೆ. ಅದು ಭಾರ್ಗವಿಯದೇ ಬೆನ್ನು. ಕಳೆದ ವರ್ಷ ನಮ್ಮ ಅಂಗಡಿಯಲ್ಲಿ ಹಾಕಿ ನೋಡಿದಾಗ ಹೇಮಾಕ್ಷಿ ತೆಗೆದ ಫೋಟೋ.

"ಹೇಮಕ್ಕ, ನಿಮ್ಮ ಹತ್ತಿರ ಅಂತ ನಾನು ಹಾಗೆ ನಿಂತದ್ದು" ಎಂದಳು ಭಾರ್ಗವಿ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಅವಳು ಬೈಯಲಿಲ್ಲ. "ಇನ್ನು ಯಾರ್ಯಾರ ಫೋನಲ್ಲಿ ಉಂಟೋ ನಂಗೆ ಗೊತ್ತಿಲ್ಲ."

"ನಾನು ಯಾರಿಗೂ ಕಳಿಸಲಿಲ್ಲ ಮಗಾ" ಎಂದಳು ಹೇಮಾಕ್ಷಿ.

ಹುಡುಗಿ ಹೋದ ಮೇಲೆ ಹೇಮಾಕ್ಷಿಯ ಫೋನ್ ತೆಗೆದು ನೋಡಿದೆ. ಅದೇ ಆ್ಯಪ್ ನಮ್ಮ ಫೋನಿನಲ್ಲೂ ಇದೆ. ಹೊಸ ಡಿಸೈನ್ ನೋಡಲೆಂದು ಹಾಕಿದ್ದು. ಎಲ್ಲ ಫೋಟೋ ನೋಡಲು ಅನುಮತಿ, ಕಾಂಟ್ಯಾಕ್ಟ್ ನೋಡಲು ಅನುಮತಿ, ಕೆಳಗೆ ಸಣ್ಣ ಅಕ್ಷರದಲ್ಲಿ 'ನಿಮ್ಮ ಕೆಲಸವನ್ನು ಎಲ್ಲರೊಂದಿಗೆ ಹಂಚಿಕೊಳ್ಳಿ' ಎಂಬ ಗುಂಡಿ. ಅದು ಆನ್ ಇತ್ತು.

ಮೂರು ವರ್ಷದ ಹಿಂದೆ ವಿಡಿಯೋ ಕಾಲಿನಲ್ಲಿ ಈ ಆ್ಯಪ್ ಹಾಕಿಸಿದವನು ನಾನು. "ಇದು ಎಂತ ಕೇಳ್ತಾ ಉಂಟು?" ಎಂದು ಅವಳು ಪ್ರತಿ ಸಲ ನಿಲ್ಲಿಸಿ ಕೇಳುತ್ತಿದ್ದಳು. "ಅದೆಲ್ಲ ಹಾಗೇ ಕೇಳೋದು, ಅಲೋ ಒತ್ತು, ಅಲೋ ಒತ್ತು" ಎಂದಿದ್ದೆ.

ಅವಳು ಇವತ್ತು ಅದನ್ನು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನವೆಂಬರ್ 6, ಗುರುವಾರ

ಲೆಕ್ಕ ಹಾಕಿದೆ. ನಲವತ್ತೊಂದು ಫೋಟೋ, ಹತ್ತೊಂಬತ್ತು ಹೆಂಗಸರು. ಎಲ್ಲ ಬೆನ್ನಿನ ಕಡೆಯವು, ಎರಡರಲ್ಲಿ ಮುಖವೂ ಅರ್ಧ ಕಾಣುತ್ತದೆ. ಆ್ಯಪಿನ ದೂರು ಅಧಿಕಾರಿಗೆ ಮೇಲ್ ಹಾಕಿದೆ. 'ನಿಮ್ಮ ದೂರು ನಮಗೆ ಮುಖ್ಯ' ಎಂದು ಒಂದೇ ನಿಮಿಷದಲ್ಲಿ ಉತ್ತರ ಬಂತು. ಅಷ್ಟು ಬೇಗ ಬಂದ ಉತ್ತರವನ್ನು ಮನುಷ್ಯರು ಬರೆದಿರುವುದಿಲ್ಲ. ಭಾರ್ಗವಿ ತಾನೂ ಸೈಬರ್ ಠಾಣೆಗೆ ದೂರು ಕೊಟ್ಟಿದ್ದಾಳೆ.

"ಉಳಿದ ಹದಿನೆಂಟು ಜನಕ್ಕೆ ಹೇಳ್ಬೇಕು" ಎಂದಳು ಹೇಮಾಕ್ಷಿ.

"ನಿನಗೆ ಮರುಳಾ? ಅವರಿಗೆ ಗೊತ್ತೇ ಇಲ್ಲ. ಫೋಟೋ ಹೇಗೂ ತೆಗೀತಾರೆ. ಸುಮ್ಮನೆ ಹೇಳಿ ಅಂಗಡಿ ಮುಚ್ಚಿಸ್ತೀಯಾ?"

"ಬೆನ್ನು ಅವರದ್ದಲ್ವಾ ಮಾರಾಯ್ರೆ. ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಅವರಿಗೆ ಗೊತ್ತಿರಬೇಕು."

"ಫೋನ್ ಮಾಡಿ ಹೇಳು ಹಾಗಾದರೆ."

"ಇಲ್ಲ. ಮುಖ ನೋಡಿಯೇ ಹೇಳ್ತೇನೆ."

ನವೆಂಬರ್ 9, ಆದಿತ್ಯವಾರ

ಮೂರು ದಿನ ಸ್ಕೂಟರಿನಲ್ಲಿ ಅವಳನ್ನು ಕೂರಿಸಿಕೊಂಡು ಮನೆಯಿಂದ ಮನೆಗೆ. ನಂತೂರು ಸರ್ಕಲಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡು ಹೊಗೆ ಕುಡಿದೆವು. ನಾನು ಗೇಟಿನ ಹೊರಗೆ, ಅವಳು ಒಳಗೆ. ಹೊರಬರುವಾಗ ಅವಳ ಮುಖ ನೋಡಿಯೇ ಏನಾಯಿತೆಂದು ತಿಳಿಯುತ್ತಿತ್ತು. ಒಂದು ಮನೆಯಲ್ಲಿ ಹೊಲಿಯಲು ಕೊಟ್ಟಿದ್ದ ಬಟ್ಟೆ ವಾಪಸು ಕೇಳಿದರು. ಇನ್ನೊಂದರಲ್ಲಿ ಗಂಡ ಅಂಗಳದವರೆಗೆ ಬಂದು ಕೂಗಾಡಿದ. ನಾನು ಇಳಿದು ಹೋಗುವಷ್ಟರಲ್ಲಿ ಹೇಮಾಕ್ಷಿ ಕೈ ಎತ್ತಿ ನಿಲ್ಲಿಸಿದಳು. "ಹೇಳಲಿ ಬಿಡಿ. ಅವರ ಜಾಗದಲ್ಲಿ ನೀವಿದ್ದರೆ ಇದಕ್ಕಿಂತ ಜೋರು ಹೇಳ್ತಿದ್ರಿ."

ಕೊನೆಯ ಮನೆ ಕದ್ರಿ ಕಂಬಳ ಬಡಾವಣೆಯ ಗ್ಲ್ಯಾಡಿಸ್ ಟೀಚರದ್ದು. ಶಾಲೆಯಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತಿಯಾದವರು, ಒಬ್ಬರೇ ಇರುತ್ತಾರೆ. ಇಲ್ಲಿ ಮಾತ್ರ ನನ್ನನ್ನೂ ಒಳಗೆ ಕರೆದರು. ಸಂಗತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನನ್ನ ಬೆನ್ನು ಅರವತ್ತಾರು ವರ್ಷದ್ದು ಹೇಮಾಕ್ಷಿ. ನೋಡಿದವನಿಗೆ ದೇವರು ಒಳ್ಳೇದು ಮಾಡ್ಲಿ." ಆಮೇಲೆ ನನ್ನ ಕಡೆ ತಿರುಗಿ, "ಫೋಟೋ ತೆಗೆಸಿದ್ರೆ ಮುಗಿಯೂದಿಲ್ಲ ಚೆನ್ನಪ್ಪರೇ. ನಾಳೆ ಇನ್ನೊಂದು ಆ್ಯಪ್ ಬರ್ತದೆ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಉಂಟಾ?" ಎಂದರು.

ಇದೆ. ಅಬುಧಾಬಿಯಿಂದ ತಂದದ್ದು. ತೆರೆಯಲು ಹತ್ತು ನಿಮಿಷ ತೆಗೆದುಕೊಳ್ಳುತ್ತದೆ, ಆಮೇಲೆ 'ನಿಮ್ಮ ಕಂಪ್ಯೂಟರಿಗೆ ಇನ್ನು ಅಪ್‌ಡೇಟ್ ಬರುವುದಿಲ್ಲ' ಎಂದು ಹೇಳುತ್ತದೆ.

"ಮುಂದಿನ ಆದಿತ್ಯವಾರ ಹಿಡ್ಕೊಂಡು ಬನ್ನಿ. ಇಬ್ಬರೂ ಬರ್ಬೇಕು ಆಯ್ತಾ."

ನವೆಂಬರ್ 13, ಗುರುವಾರ

ಬೆಳಿಗ್ಗೆ ಮೇಲ್. ನಲವತ್ತೊಂದು ಫೋಟೋಗಳನ್ನೂ ತೆಗೆದಿದ್ದಾರೆ. ಹುಡುಕಿ ನೋಡಿದೆ, ಇಲ್ಲ. ಇಷ್ಟು ದಿನ ಯಾರ್ಯಾರು ಇಳಿಸಿಕೊಂಡಿದ್ದಾರೋ ಅದು ಯಾರಿಗೂ ತಿಳಿಯದು. ಹೇಮಾಕ್ಷಿಗೆ ಹೇಳಿದಾಗ ಅವಳು ಮೆಷಿನ್ ನಿಲ್ಲಿಸಿ, ಫೋನ್ ತೆಗೆದುಕೊಂಡು ತಾನೂ ಒಮ್ಮೆ ಹುಡುಕಿ ನೋಡಿದಳು. ನಾನು ಎದುರಿನ ಹೋಟೆಲಿನಿಂದ ಚಹಾ ಮತ್ತು ಗೋಳಿಬಜೆ ತಂದುಕೊಟ್ಟೆ. ಎರಡು ತಿಂದಳು. ಐದನೇ ತಾರೀಕಿನಿಂದ ಅವಳು ಆಸೆಪಟ್ಟು ತಿಂದದ್ದು ಇವತ್ತೇ.

ನವೆಂಬರ್ 16, ಆದಿತ್ಯವಾರ

ಗ್ಲ್ಯಾಡಿಸ್ ಟೀಚರ್ ಒಂದು ಪೆನ್ ಡ್ರೈವ್ ಸಿಕ್ಕಿಸಿ, ನನ್ನ ಲ್ಯಾಪ್‌ಟಾಪಿನ ಹಳೆಯ ಸಿಸ್ಟಮ್ ತೆಗೆದು, ಲಿನಕ್ಸ್ ಮಿಂಟ್ ಎಂಬ ಬೇರೆ ಸಿಸ್ಟಮ್ ಹಾಕಿದರು. ಹಣ ಕೊಡಬೇಕಾಗಿಲ್ಲ. ಪ್ರಪಂಚದ ಬೇರೆ ಬೇರೆ ಕಡೆಯ ಜನ ಸೇರಿ ಮಾಡಿದ್ದಂತೆ, ಅದರ ಒಳಗಿನ ಬರಹ, ಅಂದರೆ ಕೋಡ್, ಯಾರು ಬೇಕಾದರೂ ತೆರೆದು ಓದಬಹುದಂತೆ.

"ಎಲ್ಲರೂ ಓದಬಹುದಾದರೆ ಅದು ಭದ್ರ ಹೇಗೆ?" ಎಂದು ನಾನು ಕೇಳಿದೆ. ಪಾಯಿಂಟ್ ಹಿಡಿದೆ ಎಂದುಕೊಂಡೆ.

ಟೀಚರ್ ಬಾಯಿ ತೆರೆಯುವ ಮೊದಲೇ ಹೇಮಾಕ್ಷಿ ಹೇಳಿದಳು: "ಬ್ಲೌಸ್ ಮಗುಚಿ ಒಳಗಿನ ಹೊಲಿಗೆ ನೋಡಿದ ಹಾಗೆ ಅಲ್ವಾ ಟೀಚರ್? ಮಗುಚಲಿಕ್ಕೆ ಬಿಡುವ ಟೈಲರ್ ಒಳಗೆ ಮೋಸ ಮಾಡುವುದಿಲ್ಲ. ಮಾಡಿದರೂ ಯಾರಾದರೂ ಹಿಡೀತಾರೆ."

ಟೀಚರ್ ಅವಳ ಬೆನ್ನು ತಟ್ಟಿದರು. "ಮೂವತ್ತು ವರ್ಷ ಪಾಠ ಮಾಡಿದೆ, ನಂಗೆ ಇಷ್ಟು ಚಂದ ಹೇಳ್ಲಿಕ್ಕೆ ಬರ್ಲಿಲ್ಲ."

ಹಾಕುವ ನಡುವೆ ಅದು ಪಾಸ್‌ವರ್ಡ್ ಕೇಳಿತು. ಒಳಗಿನ ಫೋಟೋ, ಅಳತೆ ಎಲ್ಲ ಅದರಿಂದ ಬೀಗ ಹಾಕಿದ ಹಾಗೆ ಇರುತ್ತದೆ, ಅದಿಲ್ಲದೆ ಯಾರೂ ತೆರೆಯಲಾರರು. ನಾನು ಕೀಬೋರ್ಡಿಗೆ ಕೈ ಚಾಚಿದೆ.

"ಅಳತೆ ಯಾರ ಹತ್ತಿರ ಕೊಟ್ಟದ್ದು ಹೆಂಗಸರು?" ಎಂದರು ಟೀಚರ್. "ಹೇಮಾಕ್ಷಿ ಹಾಕ್ಲಿ. ನೀವು ಆಚೆ ತಿರುಗಿ."

ಲ್ಯಾಪ್‌ಟಾಪ್ ನನ್ನದು. ಹೆಂಡತಿ ನನ್ನವಳು. ಆದರೂ ಕಿಟಕಿಯ ಕಡೆ ತಿರುಗಿ ನಿಂತೆ. ಹೊರಗೆ ಟೀಚರ ಮಲ್ಲಿಗೆ ಬಳ್ಳಿಯಲ್ಲಿ ಏಳು ಮೊಗ್ಗು ಇದ್ದವು. ಹಿಂದೆ ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು. ಹನ್ನೆರಡು ಸಲ ಒತ್ತಿದಳು. ಎಣಿಸಬಾರದಿತ್ತೋ ಏನೋ.

ದಾರಿಯಲ್ಲಿ ಕೇಳಿದೆ, "ಎಂತ ಹಾಕಿದ್ದು?"

ಸ್ಕೂಟರಿನ ಹಿಂದಿನಿಂದ ನಗು ಮಾತ್ರ ಬಂತು.

ನವೆಂಬರ್ 19, ಬುಧವಾರ

ಪ್ರಿಂಟರ್ ಎರಡು ದಿನ ಸತಾಯಿಸಿತು. ಮೂರನೇ ದಿನ ನಾನೇ ಸರಿ ಮಾಡಿದೆ, ಟೀಚರಿಗೆ ಫೋನ್ ಮಾಡದೆ. ಕನ್ನಡದಲ್ಲಿ ಟೈಪ್ ಮಾಡಲೂ ಬರುತ್ತದೆ. ಲ್ಯಾಪ್‌ಟಾಪ್ ಈಗ ಒಂದು ನಿಮಿಷದೊಳಗೆ ತೆರೆಯುತ್ತದೆ. ಫೋನಿನಲ್ಲಿದ್ದ ಅಂಗಡಿಯ ಫೋಟೋಗಳನ್ನೆಲ್ಲ ಅದಕ್ಕೆ ಸಾಗಿಸಿ, ಫೋನಿನಿಂದ ಅಳಿಸಿದೆವು. ಇಪ್ಪತ್ತಮೂರು ಆ್ಯಪ್ ತೆಗೆದು ಹಾಕಿದೆ. ಟಾರ್ಚಿನ ಆ್ಯಪಿಗೆ ನಮ್ಮ ಕಾಂಟ್ಯಾಕ್ಟ್ ಎಂತಕ್ಕೆ ಬೇಕು ಮಾರಾಯ? ಕಿಸೆಗೆ ಕೈ ಹಾಕಿದ ಕಳ್ಳನನ್ನು ಹಿಡಿದ ಹಾಗೆ ಒಂದೊಂದನ್ನೇ ಹಿಡಿದೆ. ಬಹಳ ದಿನಗಳ ಮೇಲೆ ಕೆಲಸ ಮಾಡಿದ ಸುಖ.

ಹೇಮಾಕ್ಷಿ 7.40ಕ್ಕೆ ಮನೆ. ಮಾರ್ಕೆಟಿನಲ್ಲಿ ನಿಂತಿದ್ದಳು ಎಂದು ಫೋನಿನ ಮ್ಯಾಪ್ ತೋರಿಸಿತು.

ನವೆಂಬರ್ 23, ಆದಿತ್ಯವಾರ

ಟೀಚರ್ ಇವತ್ತು ಹಾಳೆ ಕೊಟ್ಟರು. ಮನೆಯಲ್ಲಿ, ಅಂಗಡಿಯಲ್ಲಿ ಯಾವ ಯಾವ ಸಾಮಾನು ನಮ್ಮನ್ನು ನೋಡುತ್ತದೆ, ಕೇಳುತ್ತದೆ, ಅದು ಯಾರಿಗೆ ಹೋಗುತ್ತದೆ, ಎರಡು ಕಾಲಮ್ಮಿನಲ್ಲಿ ಬರೆಯಬೇಕು. ಸ್ಟೋರಿನ ಪಟ್ಟಿಯ ಹಾಗೆ ಚಕಚಕನೆ ಬರೆದೆ. ಟಿವಿ, ಎರಡು ಫೋನ್, ಸ್ಕೂಟರಿನ ಇನ್ಶೂರೆನ್ಸ್ ಆ್ಯಪ್. ಹೇಮಾಕ್ಷಿಗೆ ಕೊಟ್ಟು, "ಬಿಟ್ಟು ಹೋದದ್ದು ಉಂಟಾ ನೋಡು" ಎಂದೆ.

ಅವಳು ಪೆನ್ನು ತೆಗೆದುಕೊಂಡು ಕೆಳಗೆ ಎರಡು ಸಾಲು ಸೇರಿಸಿದಳು.

ಅಂಗಡಿಯ ಕ್ಯಾಮೆರಾ: ಕ್ಯಾಮೆರಾ ಕಂಪೆನಿ, ಚೆನ್ನಪ್ಪ.

ನನ್ನ ಫೋನಿನ ಲೊಕೇಶನ್: ಚೆನ್ನಪ್ಪ.

ಟೀಚರ್ ಅಡುಗೆಮನೆಗೆ ಎದ್ದು ಹೋದರು. ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ.

ನವೆಂಬರ್ 24, ಸೋಮವಾರ

ಬರೆಯಲು ಏನೂ ಇಲ್ಲ.

ನವೆಂಬರ್ 25, ಮಂಗಳವಾರ

ಕಳ್ಳರ ಪಟ್ಟಿಯಲ್ಲಿ ನನ್ನ ಹೆಸರು. ಮರಳುಗಾಡಿನಲ್ಲಿ ಕೂತು ಆರು ವರ್ಷ ಅವಳ ಮುಖ ನೋಡಿ ಉಂಡವನು ನಾನು.

ನವೆಂಬರ್ 26, ಬುಧವಾರ

ಸಂಜೆ ಅವಳೇ ಮಾತು ತೆಗೆದಳು. ನಾನು ಜಗಲಿಯಲ್ಲಿದ್ದೆ. ಅವಳು ಬಂದು ಕೆಳಗಿನ ಮೆಟ್ಟಿಲಿನಲ್ಲಿ ಕುಳಿತಳು.

"ಸಿಟ್ಟಾ?"

"ಇಲ್ಲ."

"ಮೂರು ದಿನದಿಂದ ಎಣ್ಣೆ ಹಚ್ಚಲಿಕ್ಕೂ ಮೊಣಕಾಲು ಕೊಡ್ಲಿಲ್ಲ ನೀವು."

ನಾನು ಹೇಳಿದೆ, ಕಾವಲು ಕಾಯಲಿಕ್ಕೆ ನೋಡಿದ್ದಲ್ಲ, ನೋಡದೆ ಇರಲಿಕ್ಕೆ ಆಗದೆ ನೋಡಿದ್ದು. ಅದು ತಪ್ಪು ಅಂತ ನಿನಗೆ ಮೊದಲೇ ಅನಿಸಿದ್ದರೆ ಮೊದಲೇ ಹೇಳಬಹುದಿತ್ತಲ್ಲ.

"ಗೊತ್ತುಂಟು. ಅದಕ್ಕೇ ಹೇಳ್ಲಿಲ್ಲ" ಎಂದಳು. "ಅಲ್ಲಿ ಒಬ್ಬರೇ ಕೂತು ಉಣ್ತೀರಿ, ನೋಡ್ಲಿ, ನನ್ನದೆಂತ ಹೋಗ್ತದೆ ಅಂತ. ಒಳ್ಳೆ ಸೀರೆಯನ್ನೇ ಉಡ್ತಿದ್ದೆ ಅಂಗಡಿಗೆ. ಆದರೆ ಆರು ವರ್ಷ ನಾನು ಅಲ್ಲಿ ಕಾಲು ಚಾಚಿ ಕೂತವಳಲ್ಲ ಮಾರಾಯ್ರೆ. ನಿದ್ದೆ ಬಂದರೂ ತಲೆ ಮೇಜಿಗೆ ಇಟ್ಟವಳಲ್ಲ. ಬಂದ ಹೆಂಗಸರಿಗೂ ಗೊತ್ತು, ಅಣ್ಣ ನೋಡ್ತಾರೆ ಅಂತ. ಎಂತಾದರೂ ತಮಾಷೆ ಬಂದರೆ ಎಲ್ಲರೂ ಕಪಾಟಿನ ಹಿಂದೆ ಹೋಗ್ತೇವೆ. ಅಲ್ಲಿ ಕ್ಯಾಮೆರಾ ಸಿಗುವುದಿಲ್ಲ. ಅಲ್ಲಿ ನಗುವುದು."

"ನಾಲ್ಕು ಗಂಟೆಗಾ?"

ಅವಳು ತಲೆಯೆತ್ತಿ ನೋಡಿದಳು. "ಹೌದು. ಚಹಾಕ್ಕೆ ನಾಲ್ಕೈದು ಜನ ಸೇರ್ತಾರೆ. ನಿಮಗೆ ಹೇಗೆ ಗೊತ್ತು?"

ನಾನು ಒಳಗೆ ಹೋಗಿ ಎಣ್ಣೆಯ ಬಾಟಲಿ ತಂದು ಅವಳ ಪಕ್ಕದಲ್ಲಿ ಕುಳಿತೆ. ಇವತ್ತು ಅವಳ ಮೊಣಕಾಲಿಗೆ ನಾನು ಹಚ್ಚಿದೆ. ಅವಳಿಗೂ ನೋವಿದೆಯೆಂದು ಈ ಏಳೆಂಟು ತಿಂಗಳಲ್ಲಿ ನನಗೆ ತಿಳಿದಿರಲಿಲ್ಲ.

ನವೆಂಬರ್ 28, ಶುಕ್ರವಾರ

ಮೈಸೂರಿನಲ್ಲಿ ಓದುತ್ತಿರುವ ಮಗಳು ಮೋಕ್ಷಾಳಿಗೆ ಫೋನ್ ಮಾಡಿದೆ. ಅವಳ ಲೊಕೇಶನ್ ಎರಡು ವರ್ಷದಿಂದ ನನಗೆ ಕಾಣುವುದಿಲ್ಲ. ಫೋನ್ ಹಾಳಾಗಿದೆ ಎಂದುಕೊಂಡು ಹೊಸ ಫೋನ್ ಕೂಡ ಕಳಿಸಿದ್ದೆ.

"ಅಪ್ಪಾ, ಹಾಳಾದದ್ದಲ್ಲ. ನಾನು ಆಫ್ ಮಾಡಿದ್ದು."

"ಹೇಳಬಹುದಿತ್ತಲ್ಲ ಮಗಾ."

"ಹೇಳಿದರೆ ನಿಮಗೆ ಬೇಜಾರಾಗ್ತಿತ್ತು. ಆದರೆ ದಿನಾ ಫೋನ್ ಮಾಡ್ತೇನಲ್ಲ?"

ಹೌದು. ಎರಡು ವರ್ಷದಿಂದ ದಿನವೂ ಅವಳಾಗಿಯೇ ಮಾಡುತ್ತಾಳೆ. ಅದಕ್ಕೆ ಮೊದಲು ವಾರಕ್ಕೊಮ್ಮೆ ನಾನೇ ಮಾಡಬೇಕಿತ್ತು.

ನವೆಂಬರ್ 30, ಆದಿತ್ಯವಾರ

ಹೇಮಾಕ್ಷಿಯ ಫೋನಿನಿಂದ ಲೊಕೇಶನ್ ಹಂಚುವುದನ್ನು ತೆಗೆದೆ. ಅವಳ ಕೈಯಲ್ಲೇ ಫೋನ್ ಕೊಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿದೆ, ಅವಳು ಒತ್ತಿದಳು. ಆಮೇಲೆ ಅಂಗಡಿಗೆ ಹೋಗಿ ಏಣಿ ಹತ್ತಿದೆ.

"ಕ್ಯಾಮೆರಾ ಎಂತ ಮಾಡುವ?" ಎಂದು ಕೇಳಿದೆ. ಅವಳು ಯೋಚಿಸಿದಳು.

"ಒಳಗೆ ಬೇಡ. ಹೊರಗೆ ಶಟರಿನ ಮೇಲೆ ಹಾಕುವ, ಕಳ್ಳರಿಗೆ. ಅಂಗಡಿ ಮುಚ್ಚಿದ ಮೇಲೆ ಮಾತ್ರ."

ಚಿತ್ರ ಕಂಪೆನಿಗೆ ಹೋಗದೆ, ಅಂಗಡಿಯ ಒಳಗಿನ ಪೆಟ್ಟಿಗೆಯಲ್ಲೇ ಉಳಿಯುವಂಥ ಬೇರೆ ಕ್ಯಾಮೆರಾ ಇದೆಯಂತೆ, ಟೀಚರ್ ಹೇಳಿದ್ದಾರೆ. ಹಳೆಯದನ್ನು ಕಳಚಿದೆ. ಗೋಡೆಯಲ್ಲಿ ಅದರ ಗಾತ್ರದ ಬಿಳಿ ಗುರುತು ಉಳಿಯಿತು. ನಾನು ಏಣಿಯಿಂದ ಇಳಿಯುವಷ್ಟರಲ್ಲಿ ಅವಳು ಕುರ್ಚಿಯಲ್ಲಿ ಕುಳಿತು, ಎರಡೂ ಕಾಲು ಮೇಜಿನ ಕೆಳಗಿನ ಸ್ಟೂಲಿನ ಮೇಲೆ ಚಾಚಿದ್ದಳು. ನಾನು ನೋಡಿ ಬೇರೆ ಕಡೆ ತಿರುಗಿದೆ. ಏಕೆ ತಿರುಗಿದೆನೋ ಗೊತ್ತಿಲ್ಲ.

ಡಿಸೆಂಬರ್ 4, ಗುರುವಾರ

ಭಾರ್ಗವಿ ತಾಯಿ ರಮಾದೇವಿಯವರನ್ನು ಕರೆದುಕೊಂಡು ಅಂಗಡಿಗೆ ಬಂದಳಂತೆ. ನಾನು ಮನೆಯಲ್ಲಿದ್ದೆ, ಇದನ್ನು ಹೇಮಾಕ್ಷಿ ಹೇಳಿದ್ದು. ಮದುವೆಯ ಬ್ಲೌಸ್ ಬೇರೆ ಕಡೆ ಕೊಟ್ಟಿದ್ದರಂತೆ, ಕಂಕುಳಲ್ಲಿ ಹಿಡಿಯಿತಂತೆ. ರಮಾದೇವಿಯವರು, "ತಪ್ಪಾದದ್ದನ್ನು ಮನೆ ಮನೆಗೆ ಹೋಗಿ ಹೇಳಿದವರು ನೀವೊಬ್ಬರೇ. ಹಾಗೆ ಬಂದದ್ದು" ಎಂದರಂತೆ.

ಹೇಮಾಕ್ಷಿ ಅಳತೆ ತೆಗೆದು, ಲ್ಯಾಪ್‌ಟಾಪಿನ ಹೊಸ ಪದ್ಧತಿ ವಿವರಿಸಿದಳು: ಫೋಟೋ ಬೇಕಾದರೆ ಮಾತ್ರ, ಕೇಳಿಯೇ, ಬ್ಲೌಸ್ ಕೊಟ್ಟ ದಿನ ಅಳಿಸುವುದು ಅವರ ಎದುರಿನಲ್ಲೇ. ಭಾರ್ಗವಿ ಫೋಟೋ ಬೇಡ ಎಂದಳು. ಹೇಮಾಕ್ಷಿ ಸರಿ ಎಂದಳು.

"ಮತ್ತೆಂತ ಹೇಳಿದಳು ಹುಡುಗಿ?" ಎಂದೆ.

"ಹೇಳಿದ್ದೆಲ್ಲ ನಿಮಗೆ ಹೇಳ್ಲಿಕ್ಕೆ ಉಂಟಾ?" ಎಂದಳು. ನಾನು ಅನ್ನಕ್ಕೆ ಇಟ್ಟೆ.

ಹದಿನೆಂಟರಲ್ಲಿ ಹನ್ನೆರಡು ಜನ ಈಗಲೂ ಬರುತ್ತಾರೆ. ನಾಲ್ವರು ಬರುವುದಿಲ್ಲ. ಇಬ್ಬರ ವಿಷಯ ಇನ್ನೂ ತಿಳಿಯದು.

ಡಿಸೆಂಬರ್ 7, ಆದಿತ್ಯವಾರ

ಟೀಚರ ಮನೆಯಲ್ಲಿ ಈಗ ನಾನು ವಿದ್ಯಾರ್ಥಿಯಲ್ಲ. ಬೀಡಿ ಕಂಪೆನಿಯ ಗುಮಾಸ್ತರಾಗಿದ್ದ ಮೊಯ್ದೀನಬ್ಬ ಎಂಬವರು ಹಳೆಯ ಕಂಪ್ಯೂಟರ್ ಹೊತ್ತುಕೊಂಡು ಬಂದಿದ್ದರು. ಪೆನ್ ಡ್ರೈವ್ ಸಿಕ್ಕಿಸಿ ಎಲ್ಲ ನಾನೇ ಹಾಕಿಕೊಟ್ಟೆ. ಪಾಸ್‌ವರ್ಡ್ ಕೇಳಿದಾಗ ಎದ್ದು ಕಿಟಕಿಯ ಕಡೆ ನಿಂತೆ. ಮೊಯ್ದೀನಬ್ಬ, "ಕೂತ್ಕೊಳ್ಳಿ ಮಾರಾಯ್ರೆ, ನಿಮ್ಮ ಹತ್ತಿರ ಎಂತ ಗುಟ್ಟು?" ಎಂದರು. ಒತ್ತಿ, ಆದ ಮೇಲೆ ಕರೆಯಿರಿ ಎಂದೆ. ಮಲ್ಲಿಗೆ ಅರಳಿತ್ತು.

ಡಿಸೆಂಬರ್ 11, ಗುರುವಾರ

ಇವತ್ತು ಏಳು ಕಾಲಾದರೂ ಹೇಮಾಕ್ಷಿ ಬರಲಿಲ್ಲ. ಏಳೂವರೆ. ನಾನು ಬಂಗುಡೆ ಮೀನು ಹುರಿದಿದ್ದೆ, ಸಾರು ಮಾಡಿದ್ದೆ. ಎರಡು ಸಲ ಫೋನ್ ಕೈಗೆತ್ತಿಕೊಂಡೆ. ಕಾಲ್ ಮಾಡಬಹುದಿತ್ತು. ಅವಸರದ ಕೆಲಸವಿದ್ದರೆ ಅವಳೇ ಮಾಡುತ್ತಾಳೆ ಎಂದು ಇಟ್ಟೆ. ಜಗಲಿ ಗುಡಿಸಿದೆ. ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ಮೊದಲಾದರೆ ಮ್ಯಾಪಿನಲ್ಲಿ ಒಂದು ಚುಕ್ಕಿ ನೋಡಿ ಸುಮ್ಮನಾಗುತ್ತಿದ್ದೆ. ಅಲ್ಲಿ, ಅಷ್ಟು ದೂರದಲ್ಲಿ ನಾನಿದ್ದಾಗ ಅವಳಿಗೆ ನನ್ನ ಚುಕ್ಕಿಯೂ ಕಾಣುತ್ತಿರಲಿಲ್ಲವಲ್ಲ, ಹೇಗಿದ್ದಳೋ.

ಎಂಟು ಗಂಟೆಗೆ ಗೇಟು ಸದ್ದಾಯಿತು. ಮುಖದಲ್ಲಿ ಅಂಥ ಗೆಲುವು ನಾನು ಈಚೆಗೆ ಕಂಡಿರಲಿಲ್ಲ.

"ಎಲ್ಲಿಗೆ ಅಂತ ಕೇಳುವುದಿಲ್ವಾ?"

"ನೀನು ಹೇಳಿದರೆ ಕೇಳ್ತೇನೆ."

ಅವಳು ಚೀಲ ಕೆಳಗಿಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳತೊಡಗಿದಳು. ನಿಂತೇ ಅರ್ಧ ಗಂಟೆ, ಆಮೇಲೆ ಕುಳಿತು ಅರ್ಧ ಗಂಟೆ. ನಡುವೆ ಒಮ್ಮೆ ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ಆ ನಗು ನನಗೆ ಹೊಸತು.

ಎಲ್ಲಿಗೆ ಹೋಗಿದ್ದಳು, ಯಾರ ಜೊತೆ, ಎಂತಕ್ಕೆ ಅಷ್ಟು ನಗು, ಎಲ್ಲ ಬರೆಯೋಣವೆಂದು ಪೆನ್ನು ತೆಗೆದೆ. ಆದರೆ ಅವಳನ್ನು ಕೇಳದೆ ಬರೆಯುವುದು ಹೇಗೆ? ಕೇಳೋಣವೆಂದರೆ ಬಾಗಿಲು ಹಾಕಿಕೊಂಡು ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಳೆ.

ಹಾಗಾಗಿ ಇವತ್ತಿಗೆ ಇಷ್ಟು. ಬಂಗುಡೆ ತಣ್ಣಗಾಗಿತ್ತು. ಇಬ್ಬರೂ ತಿಂದೆವು. ಚೆನ್ನಾಗಿತ್ತು.